ಗುರುವಿನ ತಪ್ಪೂ ಶಿಷ್ಯನ ವಿನಯವೂ

ಕಳೆದ ಮಳೆಗಾಲದ ಒಂದು ಸಂಜೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ, ರಿಪ್ಪನ್‌ಪೇಟೆಯ ನಮ್ಮ ಬೀದಿಯ ಶ್ರಾವಕ ಕುಟುಂಬವೊಂದರ ಬಾಲಕ ನೋಟ್‌ಪುಸ್ತಕವನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದನು. ಎಂಟನೆಯ ತರಗತಿಯ ವಿದ್ಯಾರ್ಥಿ. ಅವನ ಹಿಂದೆಯೇ ಅವನ ತಂದೆಯೂ ಬಂದರು. ಮನೆಯಲ್ಲಿ ಅದಾಗಲೇ ಒಂದು ಸಣ್ಣ ವಾಗ್ವಾದ ನಡೆದಿತ್ತೆಂಬುದು ಇಬ್ಬರ ಮುಖದಿಂದಲೂ ತಿಳಿಯುತ್ತಿತ್ತು.

ವಿಷಯವಿಷ್ಟೇ. ಶಾಲೆಯಲ್ಲಿ ಗಣಕಯಂತ್ರದ ಪಾಠ ಹೇಳಿದ ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಎರಡು ಮಾತುಗಳನ್ನು ಬರೆಸಿದ್ದರು. ಮೊದಲನೆಯದು, ರ‍್ಯಾಮ್ ಎಂಬುದು ಶಾಶ್ವತ ಸ್ಮೃತಿ, ರೋಮ್ ಎಂಬುದು ತಾತ್ಕಾಲಿಕ ಸ್ಮೃತಿ. ಎರಡನೆಯದು, ಒಂದು ಕಿಲೋಬೈಟ್ ಎಂದರೆ 1000 ಬೈಟ್. ಹುಡುಗನು ತನ್ನ ಅಕ್ಕನ ಪುಸ್ತಕವನ್ನು ನೋಡಿ ಎರಡೂ ತಪ್ಪೆಂದು ನಿಶ್ಚಯಿಸಿದ್ದನು. “ಅಜ್ಜ, ನಾಳೆ ಕ್ಲಾಸಿನಲ್ಲಿ ಎದ್ದು ನಿಂತು ಹೇಳಲಾ?” ಎಂದು ಕೇಳಿದನು. ತಂದೆಯವರ ಅಭಿಪ್ರಾಯ ಬೇರೆಯಾಗಿತ್ತು. “ಸುಮ್ಮನಿರಲು ಹೇಳಿ ಸ್ವಾಮಿ. ಮೇಷ್ಟ್ರ ಎದುರು ಮಾತಾಡಿದರೆ ಆಂತರಿಕ ಅಂಕ ಅವರ ಕೈಯಲ್ಲೇ ಇರುತ್ತದೆ. ಅಲ್ಲದೆ ಗುರುನಿಂದೆ ನಮ್ಮ ಮನೆತನಕ್ಕೆ ಸಲ್ಲದು” ಎಂದರು.

ನಾನು ಆ ಕ್ಷಣದಲ್ಲಿ ಉತ್ತರ ಹೇಳಲಿಲ್ಲ. ಎರಡು ದಿನ ಬಿಟ್ಟು ಬರಲು ಹೇಳಿದೆ. ಅದಕ್ಕೆ ಕಾರಣವಿತ್ತು. ಮೂರು ದಶಕಗಳಷ್ಟು ಹಿಂದೆ ನಾನೂ ಗಣಿತದ ಉಪಾಧ್ಯಾಯನಾಗಿದ್ದೆ. ಶಾಲೆಗೆ ಗಣಕಯಂತ್ರ ಬಂದಾಗ, ಗಣಿತ ಬಲ್ಲವನೆಂಬ ಒಂದೇ ಕಾರಣಕ್ಕೆ ಕೆಲವೇ ದಿನಗಳ ತರಬೇತಿ ಕೊಟ್ಟು ನನ್ನನ್ನೇ ಅದರ ಮುಂದೆ ಕೂರಿಸಲಾಯಿತು. ಆ ದಿನಗಳಲ್ಲಿ ಎರಡು ಬಗೆಯ ಫ್ಲಾಪಿಗಳು ಬಳಕೆಯಲ್ಲಿದ್ದುವು. ಐದೂಕಾಲು ಇಂಚಿನದು ಕೈಯಲ್ಲಿ ಹಿಡಿದರೆ ಬಾಗುತ್ತಿತ್ತು. ಮೂರೂವರೆ ಇಂಚಿನದಕ್ಕೆ ಗಟ್ಟಿ ಪ್ಲಾಸ್ಟಿಕ್ಕಿನ ಕವಚವಿತ್ತು. ಬಾಗುವುದು ‘ಫ್ಲಾಪಿ’, ಗಟ್ಟಿಯಾದುದು ‘ಹಾರ್ಡ್ ಡಿಸ್ಕ್’ ಎಂದು ನಾನು ಊಹಿಸಿ ಅದನ್ನೇ ಬೋಧಿಸಿದೆ. ನಿಜವಾದ ಹಾರ್ಡ್ ಡಿಸ್ಕ್ ಪೆಟ್ಟಿಗೆಯ ಒಳಗಿರುತ್ತದೆ, ಗಟ್ಟಿ ಕವಚದೊಳಗಣ ಬಿಲ್ಲೆಯೂ ಬಾಗುವ ಫ್ಲಾಪಿಯೇ ಎಂಬುದು ನನಗೆ ತಿಳಿಯಲು ಎರಡು ವರ್ಷಗಳು ಹಿಡಿದುವು. ಆ ವೇಳೆಗೆ ಎರಡು ತಂಡಗಳ ಮಕ್ಕಳು ನನ್ನ ಮಾತನ್ನೇ ಉತ್ತರಪತ್ರಿಕೆಯಲ್ಲಿ ಬರೆದು ಹೋಗಿದ್ದರು.

ಇದಕ್ಕಿಂತ ಹೆಚ್ಚು ನೋಯಿಸಿದ ಸಂಗತಿ ಬಹಳ ವರ್ಷಗಳ ನಂತರ ತಿಳಿಯಿತು. ಹೊಂಬುಜದ ವಾರ್ಷಿಕ ರಥೋತ್ಸವಕ್ಕೆ ಬಂದಿದ್ದ ಹಳೆಯ ಶಿಷ್ಯನೊಬ್ಬನು ಕಾಲಿಗೆರಗಿ, ಮಾತಿನ ನಡುವೆ, “ಸರ್, ನನಗೆ ಆಗಲೇ ಗೊತ್ತಿತ್ತು. ಅಣ್ಣ ಬೆಂಗಳೂರಿನಿಂದ ಬಂದಾಗ ಹೇಳಿದ್ದ. ನಿಮಗೆ ಬೇಸರವಾದೀತು ಎಂದು ಹೇಳಲಿಲ್ಲ” ಎಂದನು. ಅವನು ಅದನ್ನು ಗುರುಭಕ್ತಿಯೆಂದೇ ಭಾವಿಸಿದ್ದನು. ನಾನು ಮುಗುಳ್ನಕ್ಕು ಅವನ ಬೆನ್ನು ತಟ್ಟಿದೆನಾದರೂ, ಅವನ ಹಿಂದಿನ ಬೆಂಚಿನಲ್ಲಿ ಕುಳಿತು ತಪ್ಪನ್ನು ಬಾಯಿಪಾಠ ಮಾಡಿದ ಮಕ್ಕಳ ಮುಖಗಳು ಆ ರಾತ್ರಿ ಕಣ್ಣಮುಂದೆ ಬಂದುವು. ಆದುದರಿಂದ ನೆರೆಮನೆಯ ಬಾಲಕನ ಪ್ರಶ್ನೆ ನನ್ನ ಪಾಲಿಗೆ ಕೇವಲ ಒಬ್ಬ ಹುಡುಗನ ಪ್ರಶ್ನೆಯಾಗಿರಲಿಲ್ಲ. ಗುರುವಿನ ತಪ್ಪನ್ನು ಶಿಷ್ಯನು ಹೇಳಬಹುದೇ, ಹೇಳುವುದಾದರೆ ಹೇಗೆ ಎಂಬುದನ್ನು ನಮ್ಮ ಪರಂಪರೆಯ ಇತಿಹಾಸದಲ್ಲಿಯೂ ಗಣಕಯಂತ್ರದ ಇತಿಹಾಸದಲ್ಲಿಯೂ ಹುಡುಕಿ ನೋಡಬೇಕೆನಿಸಿತು.

ಅಧ್ಯಾಪಕರ ಪಕ್ಷದ ಮಾತನ್ನು ಮೊದಲು ಹೇಳಿಬಿಡುವುದು ನ್ಯಾಯ. ನಮ್ಮ ದೇಶದ ಶಾಲೆಗಳಿಗೆ ಗಣಕಯಂತ್ರ ಸರ್ಕಾರದ ವತಿಯಿಂದ ಬಂದದ್ದು 1984-85ರಲ್ಲಿ ಆರಂಭವಾದ ‘ಕ್ಲಾಸ್’ ಎಂಬ ಯೋಜನೆಯ ಮೂಲಕ. ಆಗ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಯಂತ್ರಗಳನ್ನು ಕೊಡಲಾಯಿತು. ಕರ್ನಾಟಕದಲ್ಲಿ 2000ದ ದಶಕದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಿಗೆ ಯಂತ್ರಗಳು ಬಂದುವು. ಯಂತ್ರವನ್ನು ಒಂದೇ ದಿನದಲ್ಲಿ ಲಾರಿಯಿಂದ ಇಳಿಸಬಹುದು. ಅದನ್ನು ಬಲ್ಲ ಅಧ್ಯಾಪಕರನ್ನು ಹಾಗೆ ಇಳಿಸಲಾಗದು. ಭೂಗೋಳದ ಅಧ್ಯಾಪಕನು ತಾನು ವಿದ್ಯಾರ್ಥಿಯಾಗಿದ್ದಾಗ ಕಲಿತ ಶರಾವತಿಯನ್ನೇ ಇಂದೂ ಬೋಧಿಸಬಹುದು. ಗಣಕಯಂತ್ರದ ಅಧ್ಯಾಪಕನಿಗೆ ಆ ಸೌಕರ್ಯವಿಲ್ಲ. ಅವನು ಕಲಿತ ಫ್ಲಾಪಿಯೇ ಇಂದು ಇಲ್ಲ.

ಈಗ ರಿಪ್ಪನ್‌ಪೇಟೆಯಿಂದ ಹುಂಚದ ದಾರಿ ಹಿಡಿಯೋಣ. ಸಾಂತರರ ರಾಜಧಾನಿಯಾಗಿದ್ದ, ಚಟ್ಟಲದೇವಿಯು 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿ ಇರುವ, ಪದ್ಮಾವತೀ ದೇವಿಯ ಸನ್ನಿಧಿಯಾದ ಹೊಂಬುಜದ ಪರಿಚಯವನ್ನು ಈ ಪತ್ರಿಕೆಯ ವಾಚಕರಿಗೆ ಮಾಡಿಕೊಡಬೇಕಾಗಿಲ್ಲ. ಆದರೆ ಅಲ್ಲಿಯ ಶ್ರೀಮಠದ ಸಿದ್ಧಾಂತಕೀರ್ತಿ ಗ್ರಂಥಮಾಲೆಯಲ್ಲಿ 2000ದಲ್ಲಿ ಪ್ರಕಟವಾದ ಒಂದು ಗ್ರಂಥ ಎಷ್ಟು ಮನೆಗಳಲ್ಲಿದೆಯೋ ನಾನರಿಯೆ. ಅದು ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’. ಗಣಿತ ವಿದುಷಿ ಪದ್ಮಾವತಮ್ಮನವರು ಅದನ್ನು ಕನ್ನಡ ಅನುವಾದದೊಡನೆ ಸಂಪಾದಿಸಿದ್ದಾರೆ.

ಮಹಾವೀರಾಚಾರ್ಯರು ಕ್ರಿ. ಶ. 850ರ ಸುಮಾರಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಇದ್ದವರು. ಗ್ರಂಥದ ಆದಿಯಲ್ಲಿ ಆ ದೊರೆಯ ಸ್ತುತಿಯಿದೆ. ಜ್ಯೋತಿಷದಿಂದ ಬೇರ್ಪಡಿಸಿ ಗಣಿತವನ್ನೇ ಸ್ವತಂತ್ರ ಶಾಸ್ತ್ರವಾಗಿ ನಿರೂಪಿಸಿದ ಕೀರ್ತಿ ಅವರದು. ಹಲವು ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬುದಕ್ಕೆ ಅವರು ಕೊಟ್ಟ ಸಾಮಾನ್ಯ ಸೂತ್ರವನ್ನೇ ಇಂದಿನ ವಿದ್ಯಾರ್ಥಿಗಳು ಕಾಲೇಜಿನಲ್ಲಿ ಕಲಿಯುತ್ತಾರೆ. ಋಣಸಂಖ್ಯೆಯು ಸ್ವಭಾವತಃ ವರ್ಗವಾಗಲಾರದು, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ನುಡಿದವರೂ ಅವರೇ. ಇಂತಹ ಆಚಾರ್ಯರು ಅದೇ ಗ್ರಂಥದ ಮೊದಲ ಅಧ್ಯಾಯದಲ್ಲಿ, ಶೂನ್ಯದ ಲಕ್ಷಣವನ್ನು ಹೇಳುವಾಗ, ಶೂನ್ಯದಿಂದ ಭಾಗಿಸಲ್ಪಟ್ಟ ಸಂಖ್ಯೆಯು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದು ಹೇಳಿದ್ದಾರೆ. ಅಂದರೆ 12ನ್ನು ಶೂನ್ಯದಿಂದ ಭಾಗಿಸಿದರೆ 12.

ಇದು ತಪ್ಪು. ಭಾಗಲಬ್ಧವನ್ನು ಭಾಜಕದಿಂದ ಗುಣಿಸಿದರೆ ಭಾಜ್ಯವು ಹಿಂದಿರುಗಿ ಬರಬೇಕು; 12ನ್ನು ಶೂನ್ಯದಿಂದ ಗುಣಿಸಿದರೆ 12 ಬಾರದು, ಶೂನ್ಯವೇ ಬರುತ್ತದೆ. ಆಚಾರ್ಯರು ಹೀಗೇಕೆ ಹೇಳಿದರೆಂಬುದನ್ನು ಊಹಿಸುವುದು ಕಷ್ಟವಲ್ಲ. ನನ್ನ ಬಳಿ ಹನ್ನೆರಡು ಅಡಿಕೆಗಳಿವೆ, ಹಂಚಿಕೊಳ್ಳುವವರು ಯಾರೂ ಬರಲಿಲ್ಲ. ಅಡಿಕೆಗಳು ಬುಟ್ಟಿಯಲ್ಲೇ ಉಳಿದುವು. ಲೋಕವ್ಯವಹಾರದ ಕಣ್ಣಿಗೆ ಇದು ಸರಿಯಾಗಿಯೇ ಕಾಣುತ್ತದೆ.

ಸುಮಾರು ಮುನ್ನೂರು ವರ್ಷಗಳ ಅನಂತರ ಭಾಸ್ಕರಾಚಾರ್ಯರು ಶೂನ್ಯದಿಂದ ಭಾಗಿಸಿದ ರಾಶಿಗೆ ‘ಖಹರ’ವೆಂದು ಹೆಸರಿಟ್ಟು ಅದನ್ನು ಅನಂತವೆಂದರು. 1912ರಲ್ಲಿ ಮದರಾಸಿನಲ್ಲಿ ಪ್ರೊಫೆಸರ್ ಎಂ. ರಂಗಾಚಾರ್ಯರು ಗಣಿತಸಾರಸಂಗ್ರಹವನ್ನು ಮೊದಲ ಬಾರಿಗೆ ಇಂಗ್ಲಿಷ್ ಅನುವಾದದೊಡನೆ ಮುದ್ರಿಸಿದಾಗ ಈ ಶ್ಲೋಕದ ಬಳಿ ಏನು ಮಾಡಿದರೆಂಬುದನ್ನು ವಾಚಕರು ಗಮನಿಸಬೇಕು. ಅವರು ಶ್ಲೋಕವನ್ನು ತಿದ್ದಲಿಲ್ಲ, ಕೈಬಿಡಲೂ ಇಲ್ಲ. ಅನುವಾದವನ್ನು ಮೂಲದಲ್ಲಿರುವಂತೆಯೇ ಕೊಟ್ಟರು. ಪುಟದ ಕೆಳಗೆ ಸಣ್ಣ ಅಕ್ಷರಗಳ ಅಡಿಟಿಪ್ಪಣಿಯಲ್ಲಿ, ಶೂನ್ಯದಿಂದ ಭಾಗಿಸಿದ ಸಂಖ್ಯೆ ವಾಸ್ತವದಲ್ಲಿ ಹಾಗೆಯೇ ಉಳಿಯದು, ಭಾಸ್ಕರರು ಇದನ್ನು ಖಹರವೆಂದಿದ್ದಾರೆ, ಶೂನ್ಯದಿಂದ ಭಾಗಿಸುವುದೆಂದರೆ ಭಾಗಿಸದೆ ಇರುವುದೇ ಎಂದು ಮಹಾವೀರಾಚಾರ್ಯರು ಎಣಿಸಿದ್ದಿರಬೇಕು ಎಂಬ ಅರ್ಥದ ಕೆಲವು ವಾಕ್ಯಗಳನ್ನು ಬರೆದರು. ತಪ್ಪನ್ನು ತಪ್ಪೆಂದರು, ಅದು ಹೇಗೆ ಹುಟ್ಟಿತೆಂಬುದನ್ನೂ ತಿಳಿಯಲೆತ್ನಿಸಿದರು. ಆಚಾರ್ಯರ ಹೆಸರಿಗೆ ಕಿಂಚಿತ್ತೂ ಕುಂದು ಬರಲಿಲ್ಲ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಭಾಸ್ಕರರು ಅನಂತವೆಂದದ್ದೇ ಸರಿಯೆಂದು ರಂಗಾಚಾರ್ಯರು ಅದೇ ಟಿಪ್ಪಣಿಯಲ್ಲಿ ತೀರ್ಪು ಕೊಟ್ಟಿದ್ದರು. ಇಂದಿನ ಶಾಲಾಗಣಿತ ಅದನ್ನೂ ಒಪ್ಪುವುದಿಲ್ಲ. ಶೂನ್ಯದಿಂದ ಭಾಗಾಕಾರಕ್ಕೆ ಅರ್ಥವನ್ನೇ ಕೊಟ್ಟಿಲ್ಲ ಎನ್ನುತ್ತದೆ. ತಿದ್ದಿದವರ ಮಾತಿಗೂ ತಿದ್ದುಪಡಿ ಬಂದಿತು. ಗಣಕಯಂತ್ರವಂತೂ ಎರಡು ಪಕ್ಷಗಳನ್ನೂ ಹೊಟ್ಟೆಯಲ್ಲಿ ಇಟ್ಟುಕೊಂಡಿದೆ. 1985ರಲ್ಲಿ ನಿಗದಿಯಾದ ಐಇಇಇ 754 ಎಂಬ ಮಾನದಂಡದ ಪ್ರಕಾರ ದಶಮಾಂಶ ಲೆಕ್ಕಗಳಲ್ಲಿ 12ನ್ನು ಶೂನ್ಯದಿಂದ ಭಾಗಿಸಿದರೆ ಅನಂತವೆಂಬ ಉತ್ತರ ಬರುತ್ತದೆ. ಪೂರ್ಣಾಂಕದ ಲೆಕ್ಕದಲ್ಲಾದರೆ ಸಾಮಾನ್ಯವಾಗಿ ಕೆಲಸವೇ ನಿಂತು ದೋಷಸೂಚನೆ ಬರುತ್ತದೆ. ಇದು ಪಂಡಿತರ ವಿನೋದವೆಂದು ತಳ್ಳಿಹಾಕುವಂತಿಲ್ಲ. 1997ರ ಸೆಪ್ಟೆಂಬರ್ 21ರಂದು ‘ಯಾರ್ಕ್‌ಟೌನ್’ ಎಂಬ ಅಮೆರಿಕದ ಯುದ್ಧನೌಕೆಯಲ್ಲಿ ಸಿಬ್ಬಂದಿಯೊಬ್ಬನು ಒಂದು ಅಂಕಣದಲ್ಲಿ ಶೂನ್ಯವನ್ನು ತುಂಬಿದನು. ತಂತ್ರಾಂಶವು ಆ ಶೂನ್ಯದಿಂದ ಭಾಗಿಸಹೊರಟು ಕೆಟ್ಟಿತು. ಹಡಗು ಎರಡು ಗಂಟೆಗೂ ಹೆಚ್ಚು ಕಾಲ ನಡುನೀರಿನಲ್ಲಿ ನಿಶ್ಚಲವಾಗಿ ನಿಂತಿತು.

ಗ್ರಂಥದಲ್ಲಿ ಇರುವ ಗುರುವನ್ನು ಟಿಪ್ಪಣಿಯಲ್ಲಿ ತಿದ್ದುವುದು ಸುಲಭ, ಎದುರಿಗೆ ನಿಂತಿರುವ ಗುರುವಿನ ಮಾತೇನು ಎಂದು ಕೇಳಬಹುದು. ಶ್ವೇತಾಂಬರ ಆಗಮಗಳಲ್ಲಿ ಒಂದಾದ ‘ಉಪಾಸಕದಶಾಂಗ’ದಲ್ಲಿ ಇದಕ್ಕೆ ಅಪೂರ್ವವಾದ ಪ್ರಸಂಗವಿದೆ. ನಮ್ಮ ದಿಗಂಬರ ಆಮ್ನಾಯದ ಮನೆಗಳಲ್ಲಿ ಇದು ಅಷ್ಟಾಗಿ ಕೇಳಿಬರದಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಾಣಿಜ್ಯಗ್ರಾಮದ ಆನಂದನು ಐಶ್ವರ್ಯವಂತನಾದ ಗೃಹಸ್ಥ. ಭಗವಾನ್ ಮಹಾವೀರರಿಂದ ಶ್ರಾವಕವ್ರತಗಳನ್ನು ಪಡೆದು, ವರ್ಷಾನುಗಟ್ಟಲೆ ಪಾಲಿಸಿ, ಕೊನೆಗೆ ಸಲ್ಲೇಖನವನ್ನು ಕೈಗೊಂಡು ಮಲಗಿದ್ದಾನೆ. ಪರಿಣಾಮವಿಶುದ್ಧಿಯಿಂದ ಅವನಿಗೆ ಅವಧಿಜ್ಞಾನವು ಉಂಟಾಗಿದೆ. ಭಿಕ್ಷೆಗೆ ಬಂದ ಗೌತಮ ಗಣಧರರು ಸುದ್ದಿ ಕೇಳಿ ಅವನನ್ನು ನೋಡಲು ಹೋಗುತ್ತಾರೆ. ಆನಂದನು ಮಲಗಿದಲ್ಲಿಂದಲೇ ವಂದಿಸಿ, ತನಗೆ ಎಷ್ಟು ದೂರದವರೆಗೆ ಕಾಣುತ್ತಿದೆಯೆಂಬುದನ್ನು ನಿವೇದಿಸುತ್ತಾನೆ. ಗೃಹಸ್ಥನಿಗೆ ಅವಧಿಜ್ಞಾನ ಆಗಬಹುದು, ಆದರೆ ಇಷ್ಟು ವಿಸ್ತಾರವಾದುದು ಆಗಲಾರದು, ಆದುದರಿಂದ ನೀನು ಈ ಮಾತಿಗಾಗಿ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ತೆಗೆದುಕೋ ಎಂದು ಗೌತಮರು ಹೇಳುತ್ತಾರೆ.

ಆಗ ಆನಂದನು ಎದುರುತ್ತರ ಕೊಡಲಿಲ್ಲ. ಒಂದು ಪ್ರಶ್ನೆಯನ್ನು ಕೇಳಿದನು. ಭಂತೇ, ಜಿನಶಾಸನದಲ್ಲಿ ಸತ್ಯವನ್ನು ನುಡಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೇ? ಗೌತಮರು ಇಲ್ಲವೆಂದರು. ಹಾಗಾದರೆ ಈ ಪ್ರಾಯಶ್ಚಿತ್ತವನ್ನು ತಾವೇ ಮಾಡಿಕೊಳ್ಳಬೇಕಾದೀತು ಎಂದು ಆನಂದನು ವಿನಯದಿಂದ ಅರಿಕೆ ಮಾಡಿದನು. ಮಹಾವೀರರ ಪ್ರಥಮ ಗಣಧರರಿಗೆ ಒಬ್ಬ ಗೃಹಸ್ಥನು, ಅದೂ ಎದ್ದು ಕುಳಿತುಕೊಳ್ಳಲಾರದವನು, ಹೇಳಿದ ಮಾತಿದು. ಗೌತಮರ ಮನಸ್ಸಿನಲ್ಲಿ ಶಂಕೆ ಹುಟ್ಟಿತು. ಅವರು ನೇರವಾಗಿ ಭಗವಂತರ ಬಳಿಗೆ ಹೋಗಿ ನಡೆದುದನ್ನು ನಡೆದಂತೆಯೇ ಹೇಳಿ, ಪ್ರಾಯಶ್ಚಿತ್ತ ಯಾರಿಗೆ ಎಂದು ಕೇಳಿದರು. ನಿನಗೇ, ಹೋಗಿ ಆನಂದನನ್ನು ಕ್ಷಮೆ ಬೇಡು ಎಂದು ಭಗವಂತರು ಅಪ್ಪಣೆ ಮಾಡಿದರು. ಗೌತಮರು ಬಂದ ದಾರಿಯಲ್ಲೇ ಹಿಂದಿರುಗಿ ಹೋಗಿ ಆನಂದನಲ್ಲಿ ಕ್ಷಮೆ ಯಾಚಿಸಿದರು.

ಆನಂದನ ವಿನಯವನ್ನು ಹೊಗಳುವವರು ಬಹಳ. ನನಗೆ ಗೌತಮರ ಆ ಹಿಂದಿರುಗಿದ ನಡಿಗೆಯೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ನಾಲ್ಕು ದಶಕ ಬೆಂಚಿನ ಈಚೆ ನಿಂತವನಾದ್ದರಿಂದ ಹೀಗನ್ನಿಸುತ್ತದೆಯೋ ಏನೋ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಕರ್ಮದ ಆಸ್ರವಕ್ಕೆ ಆರು ಕಾರಣಗಳನ್ನು ಉಮಾಸ್ವಾಮಿಗಳು ಎಣಿಸಿದ್ದಾರೆ. ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಂತೆ, ತಿಳಿದಿದ್ದೂ ಯಾವುದೋ ಕಾರಣದಿಂದ ‘ಇಲ್ಲ, ನಾನರಿಯೆ’ ಎಂದು ಜ್ಞಾನವನ್ನು ಮರೆಮಾಚುವುದು ನಿಹ್ನವ. ಬೇರೊಬ್ಬನು ಪ್ರಕಟಿಸಬಹುದಾದ ಜ್ಞಾನವನ್ನು ಕಾಯದಿಂದಲೋ ವಚನದಿಂದಲೋ ತಡೆಯುವುದು ಆಸಾದನ. ಸೂತ್ರಕಾರರ ದೃಷ್ಟಿಯಲ್ಲಿ ಇರುವುದು ತತ್ತ್ವಜ್ಞಾನವೇ ಹೊರತು ಗಣಕಯಂತ್ರದ ಪಾಠವಲ್ಲ, ನಿಜ. ಆದರೂ ನನ್ನ ಹಳೆಯ ಶಿಷ್ಯನ ಮೌನವನ್ನು ಗುರುಭಕ್ತಿಯೆಂದು ಕರೆಯುವ ಮೊದಲು ನಿಹ್ನವ ಶಬ್ದವನ್ನು ಒಮ್ಮೆ ನೆನೆಯಬೇಕು. ತಿಳಿದು ಹೇಳಹೊರಟ ವಿದ್ಯಾರ್ಥಿಯನ್ನು “ಕೂತುಕೋ, ನನಗೇ ಕಲಿಸುತ್ತೀಯಾ?” ಎಂದು ಗದರುವ ಅಧ್ಯಾಪಕನು ಆಸಾದನ ಶಬ್ದವನ್ನು ನೆನೆಯಬೇಕು. ಅಂಕ ಕಡಿಮೆಯಾದೀತೆಂದು ಮಗನ ಬಾಯಿ ಮುಚ್ಚಿಸುವ ತಂದೆಯೂ ಒಳ್ಳೆಯ ಮಾತಿನಿಂದಲೇ ಆದರೂ ಒಂದು ಜ್ಞಾನಕ್ಕೆ ತಡೆಯೊಡ್ಡುತ್ತಾನೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದಲ್ಲವೇ, ಪರರ ದೋಷವನ್ನು ಮುಚ್ಚುವುದು ಧರ್ಮವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುವ ಉಪಗೂಹನವು, ಅಜ್ಞರಿಂದಲೋ ಅಶಕ್ತರಿಂದಲೋ ಸನ್ಮಾರ್ಗಕ್ಕೆ ಬರುವ ನಿಂದೆಯನ್ನು ನಿವಾರಿಸುವುದು. ತಪ್ಪನ್ನು ಬೀದಿಯಲ್ಲಿ ಸಾರಬಾರದೆಂಬುದು ಅದರಿಂದ ಹೊರಡುತ್ತದೆ. ತಪ್ಪನ್ನು ಸರಿಯೆಂದು ನಡೆಯಗೊಡಬೇಕೆಂಬುದು ಹೊರಡುವುದಿಲ್ಲ. ಉಪಗೂಹನದ ಬೆನ್ನಿಗೇ ಸ್ಥಿತೀಕರಣವನ್ನು, ಜಾರಿದವನನ್ನು ಮತ್ತೆ ನೆಲೆಗೆ ನಿಲ್ಲಿಸುವುದನ್ನು, ಆಚಾರ್ಯರು ಹೇಳಿದ್ದಾರೆ.

ಅನೇಕಾಂತದ ಹೆಸರನ್ನು ಎಳೆದುತರುವವರೂ ಉಂಟು: ಮೇಷ್ಟ್ರ ದೃಷ್ಟಿಯಿಂದ ಅದೂ ಸರಿ, ಹುಡುಗನ ದೃಷ್ಟಿಯಿಂದ ಇದೂ ಸರಿ ಎಂದು. ಇದು ಅನೇಕಾಂತಕ್ಕೆ ಮಾಡುವ ಅಪಚಾರ. ಮನೆಯ ಗಣಕಯಂತ್ರದ ರ‍್ಯಾಮ್‌ನಲ್ಲಿರುವುದು ವಿದ್ಯುತ್ತು ನಿಂತೊಡನೆ ಅಳಿಯುತ್ತದೆ, ಇದರಲ್ಲಿ ನಯಭೇದವಿಲ್ಲ. ಆದರೆ ಹುಡುಗನು ಗುರುತಿಸಿದ್ದ ಎರಡನೆಯ ತಪ್ಪಿನ ವಿಷಯ ಹಾಗಲ್ಲ. ಯಂತ್ರವು ಎರಡರ ಲೆಕ್ಕದಲ್ಲಿ ಎಣಿಸುವುದರಿಂದ, ಸ್ಮೃತಿಯ ಅಳತೆಯಲ್ಲಿ ಕಿಲೋಬೈಟ್ ಎಂದರೆ 1024 ಎಂಬ ರೂಢಿ ಬೆಳೆಯಿತು. ‘ಕಿಲೋ’ ಶಬ್ದಕ್ಕಾದರೋ ಎಲ್ಲ ಅಳತೆಗಳಲ್ಲಿಯೂ ಸಾವಿರವೆಂದೇ ಅರ್ಥ. ಡಿಸ್ಕ್ ತಯಾರಿಸುವವರು ಸಾವಿರವನ್ನೇ ಬಳಸುತ್ತಾರೆ. ಈ ಗೊಂದಲವನ್ನು ನೀಗಲೆಂದು 1998ರ ಕೊನೆಯಲ್ಲಿ ಇಂಟರ್‌ನ್ಯಾಷನಲ್ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್ ಎಂಬ ಸಂಸ್ಥೆಯು 1024 ಬೈಟ್‌ಗಳಿಗೆ ‘ಕಿಬಿಬೈಟ್’ ಎಂಬ ಬೇರೆ ಹೆಸರನ್ನೇ ಗೊತ್ತುಮಾಡಿತು. ಹೆಸರು ಬಳಕೆಗೆ ಅಷ್ಟಾಗಿ ಬರಲಿಲ್ಲ. ಇಲ್ಲಿ ಅಧ್ಯಾಪಕರೂ ಒಂದು ಅಪೇಕ್ಷೆಯಿಂದ ಸರಿ. ತಿದ್ದಲು ಹೊರಟ ನಮ್ಮ ಬಾಲಕನು ಎರಡರಲ್ಲಿ ಒಂದನ್ನು ಪೂರ್ತಿಯಾಗಿ ತಿಳಿದಿರಲಿಲ್ಲ.

ಗಣಕಯಂತ್ರದ ಇತಿಹಾಸವೇ ಇಂತಹ ತಿದ್ದುಪಡಿಯಿಂದ ಮೊದಲಾಗುತ್ತದೆಂಬುದು ಹೆಚ್ಚಿನವರಿಗೆ ತಿಳಿಯದು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ‘ಅನಾಲಿಟಿಕಲ್ ಎಂಜಿನ್’ ಎಂಬ ಯಂತ್ರವನ್ನು ಕಲ್ಪಿಸಿದನು. ಅದು ಅವನ ಜೀವಿತದಲ್ಲಿ ಪೂರ್ಣವಾಗಲಿಲ್ಲ. ಅದರ ಬಗ್ಗೆ ಇಟಲಿಯ ಮೆನಾಬ್ರಿಯಾ 1842ರಲ್ಲಿ ಫ್ರೆಂಚ್ ಭಾಷೆಯಲ್ಲಿ ಬರೆದ ಲೇಖನವನ್ನು ಏಡಾ ಲವ್‌ಲೇಸ್ ಎಂಬಾಕೆ 1843ರಲ್ಲಿ ಇಂಗ್ಲಿಷಿಗೆ ತಂದು, ಮೂಲಕ್ಕಿಂತ ದೊಡ್ಡದಾದ ಟಿಪ್ಪಣಿಗಳನ್ನು ಸೇರಿಸಿದಳು. ಆಕೆಗೆ ಆಗ 27 ವರ್ಷ, ಬ್ಯಾಬೇಜನಿಗೆ ಐವತ್ತು ದಾಟಿತ್ತು. ಆಕೆಗೆ ಗಣಿತ ಕಲಿಸಿದ ಡಿ ಮಾರ್ಗನ್ ನಮ್ಮ ಮಧುರೆಯಲ್ಲಿ ಹುಟ್ಟಿದವನು. ಬರ್ನೂಲಿ ಸಂಖ್ಯೆಗಳನ್ನು ಯಂತ್ರದಿಂದ ಎಣಿಸುವ ಕ್ರಮವನ್ನು ತೋರಿಸುವ ಟಿಪ್ಪಣಿಗೆ ಬೇಕಾದ ಬೀಜಗಣಿತವನ್ನು, ಆಕೆಯ ಶ್ರಮ ತಪ್ಪಿಸಲೆಂದು, ಬ್ಯಾಬೇಜನೇ ಮಾಡಿಕೊಟ್ಟನು. ಅದರಲ್ಲಿದ್ದ ಒಂದು ಗುರುತರವಾದ ತಪ್ಪನ್ನು ಆಕೆ ಕಂಡುಹಿಡಿದು ಹಿಂದಿರುಗಿಸಿದಳು. ಇದನ್ನು ನಮಗೆ ತಿಳಿಸಿದವನು ಬ್ಯಾಬೇಜನೇ, 1864ರ ತನ್ನ ಆತ್ಮಕಥೆಯಲ್ಲಿ. ಏಡಾ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದುವು. ಬರೆಯದೆ ಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ.

ಪಠ್ಯಪುಸ್ತಕದ ಮಾತೂ ಹೀಗೆಯೇ ಬದಲಾಗಿದೆ. 1946ರಲ್ಲಿ ಲೋಕಕ್ಕೆ ತೋರಿಸಲಾದ ‘ಎನಿಯಾಕ್’ ಮೊದಲ ಎಲೆಕ್ಟ್ರಾನಿಕ್ ಗಣಕಯಂತ್ರವೆಂದು ನಾನೂ ಕಲಿಸಿದ್ದೆ. ಆದರೆ 1973ರ ಅಕ್ಟೋಬರ್ 19ರಂದೇ ಅಮೆರಿಕದ ನ್ಯಾಯಾಧೀಶ ಅರ್ಲ್ ಲಾರ್ಸನ್ ಎನಿಯಾಕ್‌ನ ಪೇಟೆಂಟನ್ನು ಅಸಿಂಧುವೆಂದು ಸಾರಿ, ಅದರ ಮೂಲಕಲ್ಪನೆ ಅಯೋವಾದ ಅಧ್ಯಾಪಕ ಜಾನ್ ಅಟನಾಸಾಫ್‌ನಿಂದ ಬಂದದ್ದೆಂದು ತೀರ್ಪಿತ್ತಿದ್ದನು. ತೀರ್ಪು ನಮ್ಮ ಮಲೆನಾಡಿನ ಶಾಲೆಗೆ ತಲಪಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಹೇಳಲು ನಾಚಿಕೆಯಾಗುತ್ತದೆ.

ತಪ್ಪು ಯಂತ್ರದಲ್ಲಿಯೇ ಇದ್ದರೆ? 1994ರಲ್ಲಿ ಅಮೆರಿಕದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿಗೆ ಲೆಕ್ಕವೊಂದು ತಾಳೆಯಾಗಲಿಲ್ಲ. ಆತನು ಮೊದಲು ತನ್ನ ತಪ್ಪೇ ಇರಬೇಕೆಂದು ತಿಂಗಳುಗಟ್ಟಲೆ ಪರೀಕ್ಷಿಸಿದನು. ಬೇರೆಲ್ಲ ಕಾರಣಗಳು ನಿವಾರಣೆಯಾದ ಮೇಲೆ, ಇಂಟೆಲ್ ಕಂಪನಿಯ ಪೆಂಟಿಯಂ ಚಿಪ್ಪು ಕೆಲವು ಭಾಗಾಕಾರಗಳನ್ನು ತಪ್ಪಾಗಿ ಮಾಡುತ್ತಿದೆಯೆಂದು ಅಕ್ಟೋಬರ್ 24ರಂದು ಕಂಪನಿಗೆ ಖಾಸಗಿಯಾಗಿ ತಿಳಿಸಿದನು. ತಕ್ಕ ಉತ್ತರ ಬಾರದಿದ್ದಾಗ, ಆರು ದಿನಗಳ ನಂತರ, ಇತರ ವಿದ್ವಾಂಸರಿಗೆ ಬರೆದು ಪರೀಕ್ಷಿಸಿ ನೋಡಲು ಕೋರಿದನು. ಕಂಪನಿಗೆ ಈ ದೋಷ ಆ ಮೊದಲೇ ಗೊತ್ತಿತ್ತು, ಹೇಳಿರಲಿಲ್ಲ. ಡಿಸೆಂಬರ್‌ನಲ್ಲಿ ಕೇಳಿದವರಿಗೆಲ್ಲ ಚಿಪ್ಪನ್ನು ಬದಲಾಯಿಸಿಕೊಡಲು ಒಪ್ಪಬೇಕಾಯಿತು. ಅದರ ಲೆಕ್ಕಕ್ಕೆ ಕಂಪನಿ ಬರೆದುಕೊಂಡ ಮೊತ್ತ 47.5 ಕೋಟಿ ಡಾಲರ್. ನಿಹ್ನವಕ್ಕೆ ಇಷ್ಟು ದೊಡ್ಡ ಬೆಲೆಪಟ್ಟಿಯನ್ನು ನಾನು ಬೇರೆಲ್ಲಿಯೂ ನೋಡಿಲ್ಲ.

ಶಾಲೆಯ ಅಧ್ಯಾಪಕರ ತಪ್ಪನ್ನು ಎತ್ತಿ ಆಡುವ ನಾವು ನಮ್ಮ ವೇದಿಕೆಗಳ ಕಡೆಗೂ ಒಮ್ಮೆ ನೋಡಿಕೊಳ್ಳಬೇಕು. ಸಂಸ್ಕೃತವೇ ಗಣಕಯಂತ್ರಕ್ಕೆ ಅತ್ಯುತ್ತಮ ಭಾಷೆಯೆಂದು ಅಮೆರಿಕದ ‘ನಾಸಾ’ ಘೋಷಿಸಿದೆ ಎಂಬ ಮಾತನ್ನು ಪ್ರವಚನಗಳಲ್ಲಿ ಎಷ್ಟು ಬಾರಿ ಕೇಳಿಲ್ಲ! ನಡೆದದ್ದು ಇಷ್ಟು: ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಎಂಬ ಸಂಶೋಧಕನು 1985ರಲ್ಲಿ ಒಂದು ಪತ್ರಿಕೆಯಲ್ಲಿ, ಸಂಸ್ಕೃತ ವೈಯಾಕರಣರ ವಾಕ್ಯವಿಶ್ಲೇಷಣೆಯ ಕ್ರಮಕ್ಕೂ ಯಂತ್ರದಲ್ಲಿ ಜ್ಞಾನವನ್ನು ನಿರೂಪಿಸುವ ಕ್ರಮಕ್ಕೂ ಇರುವ ಸಾಮ್ಯವನ್ನು ಕುರಿತು ಲೇಖನ ಬರೆದನು. ಅದು ಅವನ ಲೇಖನ, ಸಂಸ್ಥೆಯ ಘೋಷಣೆಯಲ್ಲ. ಇದೇ ಬಗೆಯಲ್ಲಿ ‘ನಮ್ಮ ಆಚಾರ್ಯರಿಗೆ ಗಣಕಯಂತ್ರ ತಿಳಿದಿತ್ತು’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಅವರಿಗೆ ತಿಳಿದಿದ್ದುದು ಅದಕ್ಕಿಂತ ಶುದ್ಧವಾದ ವಿಷಯ. 816ರಲ್ಲಿ ಪೂರ್ಣಗೊಂಡ ಧವಲಾ ಟೀಕೆಯಲ್ಲಿ, ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ತಾಳೆಗರಿಯಲ್ಲಿ ಉಳಿದುಬಂದ ಆ ಮಹಾಗ್ರಂಥದಲ್ಲಿ, ವೀರಸೇನಾಚಾರ್ಯರು ‘ಅರ್ಧಚ್ಛೇದ’ವೆಂಬ ಪರಿಕಲ್ಪನೆಯನ್ನು ಬಳಸಿದ್ದಾರೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಿದರೆ ಒಂದಕ್ಕೆ ಬರುತ್ತದೋ ಅದು ಅದರ ಅರ್ಧಚ್ಛೇದ. 16ಕ್ಕೆ ನಾಲ್ಕು, 1024ಕ್ಕೆ ಹತ್ತು. ಹುಡುಗನ 1024 ಹುಟ್ಟುವುದೂ ಎರಡನ್ನು ಹತ್ತು ಬಾರಿ ಗುಣಿಸಿದಾಗಲೇ. ಇಷ್ಟನ್ನು ಪಾಠಶಾಲೆಯಲ್ಲಿ ಸರಿಯಾಗಿ ಕಲಿಸಿದರೆ ಸಾಕು. ವೀರಸೇನರ ಕೈಗೆ ನಾವು ಯಂತ್ರವನ್ನು ಕೊಡಬೇಕಾಗಿಲ್ಲ. ನಮ್ಮ ಟ್ರಸ್ಟುಗಳು ಬೇಸಿಗೆ ಶಿಬಿರಗಳಿಗೆ ಉಪನ್ಯಾಸಕರನ್ನು ಕರೆಸುವಾಗ, ಮಕ್ಕಳು ಪ್ರಶ್ನೆ ಕೇಳಲು ಕಾಲು ಗಂಟೆಯನ್ನಾದರೂ ಬಿಡುವಂತೆ ಗೊತ್ತುಮಾಡಬೇಕೆಂದು ವಿನಂತಿಸುತ್ತೇನೆ.

ಎರಡು ದಿನಗಳ ನಂತರ ಬಾಲಕನು ಬಂದಾಗ, ಆನಂದನ ಕಥೆಯನ್ನೂ ಮಹಾವೀರಾಚಾರ್ಯರ ಶೂನ್ಯವನ್ನೂ ಹೇಳಿ, ಕಿಲೋಬೈಟಿನ ವಿಷಯವನ್ನು ಇನ್ನೊಮ್ಮೆ ಓದಿಕೋ ಎಂದೆ. ತರಗತಿಯ ನಡುವೆ ಬೇಡ, ಬಿಡುವಿನ ವೇಳೆಯಲ್ಲಿ ಹೋಗು ಎಂದೂ ಹೇಳಿದೆ. ತಂದೆಯವರು ಅರೆಮನಸ್ಸಿನಿಂದ ತಲೆಯಾಡಿಸಿದರು.

ಅವನು ಹೋಗಿ ಕೇಳಿದ್ದು ಹೀಗಂತೆ: “ಸರ್, ಮಳೆಗೆ ಕರೆಂಟು ಹೋದಾಗಲೆಲ್ಲ ನಾವು ಟೈಪ್ ಮಾಡಿದ್ದು ಅಳಿಸಿಹೋಗುತ್ತದಲ್ಲ, ಅದು ಯಾವ ಮೆಮೊರಿಯಲ್ಲಿ ಇರುತ್ತದೆ?” ಅಧ್ಯಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನ ನೋಟ್‌ಪುಸ್ತಕವನ್ನು ಈಸಿಕೊಂಡು ನೋಡಿ, “ಅದಲುಬದಲು ಬರೆಸಿಬಿಟ್ಟೆ” ಎಂದು ನಕ್ಕರಂತೆ. ಮರುದಿನ ತರಗತಿಗೆಲ್ಲ ಸರಿಯಾದುದನ್ನು ಬರೆಸಿದರು. ಕಿಲೋಬೈಟಿನ ಮಾತು ಬಂದಾಗ ಮಾತ್ರ ಅವರು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಯಂತ್ರಕ್ಕೆ ಸಿಕ್ಕಿಸಿ, ಮೇಲೆ 16 ಜಿಬಿ ಎಂದು ಮುದ್ರಿಸಿರುವುದನ್ನೂ ಪರದೆಯ ಮೇಲೆ 14ಕ್ಕೂ ಚಿಲ್ಲರೆ ಎಂದು ಬರುವುದನ್ನೂ ತೋರಿಸಿ, ಏಕೆಂದು ನೀನೇ ಲೆಕ್ಕ ಮಾಡಿಕೊಂಡು ಬಾ ಎಂದು ಕಳುಹಿಸಿದರು. ಹುಡುಗನು ಆ ಲೆಕ್ಕವನ್ನು ನನ್ನ ಜಗಲಿಯಲ್ಲೇ ಕುಳಿತು ಮಾಡಿದನು. ನೋಟ್‌ಪುಸ್ತಕದಲ್ಲಿ ರ‍್ಯಾಮ್‌ನ ಹಳೆಯ ಸಾಲನ್ನು ಅವನು ಅಳಿಸಿರಲಿಲ್ಲ. ಒಂದು ಗೆರೆ ಎಳೆದು, ಕೆಳಗೆ ಸಣ್ಣ ಅಕ್ಷರಗಳಲ್ಲಿ ಹೊಸದನ್ನು ಬರೆದುಕೊಂಡಿದ್ದನು.